ಹಾಡಿನ ಪಹಣಿ ಯಾರ ಹೆಸರಿನಲ್ಲಿದೆ?

(ಶಿವಮೊಗ್ಗದಲ್ಲಿ ಹೊಸ ಗಾಯಕರು ಮತ್ತು ಸಂಯೋಜಕರಿಗಾಗಿ ನಡೆದ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಪ್ರಶ್ನೆ. ಇಲ್ಲಿ ಅಡಿಕೆ ತೋಟದ ಮನೆಯಿಂದ ಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ನಾನು ಹೇಳಬೇಕಾದ ಮಾತಿನ ಅರ್ಧ ಭಾಗ ನಿಮಗೆ ಮೊದಲೇ ಗೊತ್ತಿದೆ.

ಚೇಣಿ ಅಂದರೆ ಏನು ಅಂತ ಪೇಟೆಯಿಂದ ಬಂದವರಿಗೆ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಮರದ ಮೇಲಿರುವ ಫಸಲನ್ನು ಮಾತಾಡಿ ಇನ್ನೊಬ್ಬರಿಗೆ ಕೊಡುವುದು. ಚೇಣಿಯವರೇ ಬಂದು ಕೊನೆ ತೆಗೆಸುತ್ತಾರೆ, ಸುಲಿಸುತ್ತಾರೆ, ಬೇಯಿಸುತ್ತಾರೆ, ಒಣಗಿಸುತ್ತಾರೆ. ಆಳು ಹುಡುಕುವ ಕಷ್ಟ ನಿಮಗಿಲ್ಲ. ಅದಕ್ಕೆ ಬದಲಾಗಿ ಸಿಗುವ ದುಡ್ಡು ಸ್ವಲ್ಪ ಕಡಿಮೆ. ಆದರೆ ಒಂದು ವಿಷಯ ನೋಡಿ. ಕೊಯ್ಲು ಮುಗಿಯಿತು ಅಂದರೆ ಚೇಣಿಯವರು ಹೊರಡುತ್ತಾರೆ. ತೋಟ ನಿಮ್ಮದೇ. ಪಹಣಿಯಲ್ಲಿ ಹೆಸರು ನಿಮ್ಮಪ್ಪನದೋ ಅಮ್ಮನದೋ ಹಾಗೇ ಇರುತ್ತದೆ. ಒಂದು ವರ್ಷದ ಫಸಲಿನ ದುಡ್ಡಿಗೆ ತೋಟವನ್ನೇ ಬರೆದುಕೊಟ್ಟವರನ್ನು ನೀವು ಯಾರಾದರೂ ನೋಡಿದ್ದೀರಾ? ಯಾರೂ ಮಾಡುವುದಿಲ್ಲ. ಓದು ಬರಹ ಬಾರದ ಅಜ್ಜಿಯೂ ಮಾಡುವುದಿಲ್ಲ.

ನಾನು ಮಾಡಿದೆ. 1997ರಲ್ಲಿ.

ಆಗ ನನಗೆ 27 ವರ್ಷ. ಎಂಟು ಕವಿತೆಗಳಿಗೆ ರಾಗ ಹಾಕಿದ್ದೆ. ಹೊಸನಗರದ ಕಡೆಯ ಒಬ್ಬ ಗೆಳೆಯ ಬರೆದ ಕವಿತೆಗಳು ಅವು. ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿ ಒಪ್ಪಿಕೊಂಡಿತು. ಸ್ಟುಡಿಯೋ ಖರ್ಚು ಅವರದು, ವಾದ್ಯದವರ ಖರ್ಚು ಅವರದು, ಕ್ಯಾಸೆಟ್ಟಿನ ಮೇಲೆ ನನ್ನ ಫೋಟೋ. ರಾತ್ರಿ ಬಸ್ಸಿನಲ್ಲಿ ಹೋದೆವು, ಎರಡು ದಿನದಲ್ಲಿ ಎಂಟೂ ಹಾಡು ಮುಗಿಸಿದೆವು. ಮೂರನೇ ದಿನ ಒಂದು ಕಾಗದ ಮುಂದಿಟ್ಟರು. ಎರಡು ಪುಟ. ಕೊನೆಯಲ್ಲಿ ಸಹಿ ಹಾಕಿ ಎಂಟು ಸಾವಿರ ರೂಪಾಯಿ ತೆಗೆದುಕೊಂಡೆ. ಕವಿಗೆ ಎರಡು ಸಾವಿರ ಕೊಟ್ಟೆ. ಊರಿಗೆ ಬಂದು ಗಾಂಧಿ ಬಜಾರಿನ ಅಂಗಡಿಯಲ್ಲಿ ನನ್ನ ಕ್ಯಾಸೆಟ್ ತೂಗುಹಾಕಿದ್ದು ನೋಡಿದ ದಿನ ನನಗಾದ ಸಂತೋಷ ಇವತ್ತಿಗೂ ಹಾಗೇ ಇದೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆ ಕ್ಯಾಸೆಟ್ ಇಲ್ಲದಿದ್ದರೆ ಸಾಗರ, ಸೊರಬ, ಕೊಪ್ಪದ ಕಡೆಯಿಂದ ನನಗೆ ಕಾರ್ಯಕ್ರಮದ ಕರೆ ಬರುತ್ತಿರಲಿಲ್ಲ.

ಆದರೆ ಆ ಎರಡು ಪುಟದಲ್ಲಿ ಏನಿತ್ತು? ಹಾಡುಗಳ ಎಲ್ಲ ಹಕ್ಕೂ, ಎಲ್ಲ ದೇಶಕ್ಕೂ, ಎಲ್ಲ ಕಾಲಕ್ಕೂ ಅವರಿಗೆ ಅಂತ ಇತ್ತು. ನಾನು ಓದಲಿಲ್ಲ. ಓದಿದ್ದರೂ ಆಗ ಅದರ ತೂಕ ಗೊತ್ತಾಗುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅದೇ ಹಾಡುಗಳಲ್ಲಿ ಎರಡನ್ನು ನಾನೇ ಹೊಸದಾಗಿ, ಬರೀ ಹಾರ್ಮೋನಿಯಂ ಇಟ್ಟುಕೊಂಡು ಹಾಡಿ ಯೂಟ್ಯೂಬಿಗೆ ಹಾಕಿದೆ. ನನ್ನ ರಾಗ, ನನ್ನ ದನಿ, ನನ್ನ ಮನೆಯ ಜಗಲಿ. ಹಕ್ಕು ತಮ್ಮದು ಅಂತ ಎದುರಿನಿಂದ ನೋಟಿಸು ಬಂತು. ಆ ಹೊತ್ತಿಗೆ ಕಂಪನಿಯ ಹಕ್ಕುಗಳು ಇನ್ನೊಬ್ಬರ ಕೈಗೆ ಹೋಗಿದ್ದವು. ಅವರಿಗೆ ನಾನು ಯಾರು ಅಂತಲೂ ಗೊತ್ತಿರಲಿಲ್ಲ. ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನನ್ನ ವಿಡಿಯೋ ನಾನೇ ತೆಗೆದೆ.

ಹಾಗಾಗಿ ಇವತ್ತು "ಲೇಬಲ್ (ಹಾಡು ಮುದ್ರಿಸಿ ಮಾರುವ ಕಂಪನಿ) ಒಳ್ಳೆಯದಾ, ಸ್ವತಂತ್ರವಾಗಿ ಇರೋದು ಒಳ್ಳೆಯದಾ" ಅಂತ ನೀವು ಕೇಳಿದರೆ, ಆ ಪ್ರಶ್ನೆಯನ್ನೇ ನಾನು ಸ್ವಲ್ಪ ತಿರುಗಿಸುತ್ತೇನೆ. ನೀವು ಕೊಡುತ್ತಿರುವುದು ಫಸಲೋ, ತೋಟವೋ? ಇದು ಗೊತ್ತಾದರೆ ಉಳಿದದ್ದು ಲೆಕ್ಕಾಚಾರ ಮಾತ್ರ.

ಲೆಕ್ಕಕ್ಕೆ ಹೋಗುವ ಮೊದಲು ಹಾಡಿನೊಳಗೆ ಎಷ್ಟು ಆಸ್ತಿ ಇದೆ ಅಂತ ನೋಡೋಣ. ಹೊರಗಿನಿಂದ ನೋಡಿದರೆ ಹಾಡು ಒಂದೇ. ಕಾನೂನಿನ ಕಣ್ಣಿಗೆ ಅದು ಒಂದಲ್ಲ. ಸಾಹಿತ್ಯ ಒಂದು ಆಸ್ತಿ, ಅದು ಕವಿಯದು. ರಾಗ ಸಂಯೋಜನೆ ಇನ್ನೊಂದು, ಅದು ಸಂಯೋಜಕರದು. ಧ್ವನಿಮುದ್ರಣ ಮೂರನೆಯದು. ಅದು ಹಾಡಿದವರದು ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ. ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ನಿರ್ಮಾಪಕರದು. ಅಂದರೆ ಮುಂದೆ ನಿಂತು, ಹೊಣೆ ಹೊತ್ತು ಮುದ್ರಣ ಮಾಡಿಸಿದವರದು. ಹಾಡಿದವರಿಗೆ ಬೇರೆ ಹಕ್ಕಿದೆ, ಅದನ್ನು ಪ್ರದರ್ಶಕರ ಹಕ್ಕು ಅನ್ನುತ್ತಾರೆ. ಅದರ ಅವಧಿ 50 ವರ್ಷ. ಧ್ವನಿಮುದ್ರಣದ ಹಕ್ಕು 60 ವರ್ಷ. ಸಾಹಿತ್ಯಕ್ಕೂ ರಾಗಕ್ಕೂ ಬರೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ.

ನನ್ನ ಕ್ಯಾಸೆಟ್ಟಿನ ಮುದ್ರಣ ಮೊದಲ ದಿನದಿಂದಲೇ ನನ್ನದಾಗಿರಲಿಲ್ಲ. ಸ್ಟುಡಿಯೋ ಹಿಡಿದವರು, ದುಡ್ಡು ಹಾಕಿದವರು ಅವರು. ಆದರೆ ರಾಗಗಳು ನನ್ನವು. ಅವನ್ನೂ ಅದೇ ಕಾಗದದಲ್ಲಿ ಕೊಟ್ಟುಬಿಟ್ಟಿದ್ದೆ. ಅದಕ್ಕೇ ಜಗಲಿಯ ಮೇಲೆ ಕೂತು ಹೊಸದಾಗಿ ಹಾಡಿದ್ದಕ್ಕೂ ತಕರಾರು ಬಂತು.

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಹೆಸರು ನಿಮಗೆಲ್ಲ ಗೊತ್ತು. ನನ್ನ ಮಗಳಿಂದ ನನಗೂ ಗೊತ್ತು. ಆಕೆ 15ನೇ ವಯಸ್ಸಿನಲ್ಲಿ, 2005ರಲ್ಲಿ ಒಂದು ಲೇಬಲ್ ಜೊತೆ ಕರಾರು ಮಾಡಿಕೊಂಡರು. ಮೊದಲ ಆರು ಆಲ್ಬಮ್ಮುಗಳ ಮೂಲ ಮುದ್ರಣಗಳು ಲೇಬಲ್ಲಿನವು. 2019ರಲ್ಲಿ ಆ ಲೇಬಲ್ಲೇ ಮಾರಾಟವಾಯಿತು, ಜೊತೆಗೆ ಆ ಮುದ್ರಣಗಳೂ. ಆಕೆಗೆ ಇಷ್ಟವಿರಲಿಲ್ಲ, ಆದರೆ ತಡೆಯಲು ಆಗಲಿಲ್ಲ. ಆಮೇಲೆ ಮಾಡಿದ್ದೇನು? 2021ರಿಂದ ಹಳೆಯ ಆಲ್ಬಮ್ಮುಗಳನ್ನು ಒಂದೊಂದಾಗಿ ಹೊಸದಾಗಿ ಹಾಡಿ ಬಿಡುಗಡೆ ಮಾಡಿದರು. ಅಭಿಮಾನಿಗಳು ಹೊಸದನ್ನೇ ಕೇಳಿದರು. 2025ರ ಮೇ ತಿಂಗಳಲ್ಲಿ ಮೂಲ ಮುದ್ರಣಗಳನ್ನೂ ಕೊಂಡುಕೊಂಡರು. ಹೊಸದಾಗಿ ಹಾಡಲು ಅವರಿಗೆ ಹೇಗೆ ಆಯಿತು, ನನಗೆ ಯಾಕೆ ಆಗಲಿಲ್ಲ? ದುಡ್ಡಿನ ಮಾತು ಬಿಡಿ. ಅವರು ಸಾಹಿತ್ಯ ಮತ್ತು ರಾಗದ ಹಕ್ಕನ್ನು ಕೈಬಿಟ್ಟಿರಲಿಲ್ಲ. ಹೋಗಿದ್ದದ್ದು ಮುದ್ರಣ ಮಾತ್ರ. ಮರ ಹೋಗಿತ್ತು, ಬೀಜ ಉಳಿದಿತ್ತು.

ಇಲ್ಲಿ ಒಂದು ಒಳ್ಳೆಯ ಸುದ್ದಿ ಹೇಳಬೇಕು. ಇದು ಎಷ್ಟೋ ಜನ ಹಿರಿಯ ಗಾಯಕರಿಗೂ ಗೊತ್ತಿಲ್ಲ. 2012ರಲ್ಲಿ ನಮ್ಮ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ ಕವಿ ಮತ್ತು ಸಂಯೋಜಕರು ಹಕ್ಕನ್ನು ಬರೆದುಕೊಟ್ಟರೂ, ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಗಳ ಸಂಘಕ್ಕೆ ಮಾತ್ರ ಕೊಡಬಹುದು. "ನನಗೆ ರಾಯಲ್ಟಿ ಬೇಡ" ಅಂತ ನೀವು ಸಹಿ ಹಾಕಿದರೂ ಆ ಸಾಲು ನಿಲ್ಲುವುದಿಲ್ಲ. ಇನ್ನೊಂದು, ಕರಾರು ಮಾಡುವ ಹೊತ್ತಿಗೆ ಇಲ್ಲದ ಮಾಧ್ಯಮಕ್ಕೆ ಆ ಕರಾರು ತಾನಾಗಿ ಹರಡುವುದಿಲ್ಲ. ಅದರ ಹೆಸರು ಹಿಡಿದು ಬರೆದಿರಬೇಕು. ಕ್ಯಾಸೆಟ್ ಕಾಲದ ನಮ್ಮಂಥವರ ಗತಿ ನೋಡಿಯೇ ಈ ಸಾಲು ಬರೆದರೇನೋ ಅನ್ನಿಸುತ್ತದೆ ನನಗೆ. ಇನ್ನು ಅವಧಿ. ಎಷ್ಟು ವರ್ಷ ಅಂತ ಕಾಗದದಲ್ಲಿ ಬರೆಯದೇ ಹೋದರೆ ಕಾಯ್ದೆ ಅದನ್ನು ಐದೇ ವರ್ಷ ಅಂತ ಓದುತ್ತದೆ. ಅದಕ್ಕೇ ಕಂಪನಿಗಳು "ಶಾಶ್ವತವಾಗಿ" ಅಂತ ಮರೆಯದೇ ಬರೆಸುತ್ತವೆ. ನಿಮ್ಮ ಕಣ್ಣು ಮೊದಲು ಆ ಪದವನ್ನು ಹುಡುಕಲಿ.

ಈಗ ಲೇಬಲ್ ಪರವಾಗಿ ಮಾತಾಡುತ್ತೇನೆ. ಮಾತಾಡಲೇಬೇಕು, ಯಾಕೆಂದರೆ ಭಾವಗೀತೆ ನಮ್ಮ ಮನೆಗಳಿಗೆ ಬಂದದ್ದೇ ಕ್ಯಾಸೆಟ್ಟಿನಿಂದ. ಶಿವಮೊಗ್ಗದಲ್ಲಿ ಪಾಠ ಮಾಡಿದ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ, 1978ರಲ್ಲಿ ಅದು ಧ್ವನಿಸುರುಳಿಯಾಗಿ ಬಂತಲ್ಲ, ಆಮೇಲೆ ತಾನೇ ಮಲೆನಾಡಿನ ಒಂಟಿಮನೆಗಳಲ್ಲೂ ಕವಿತೆ ಕೇಳಿಸಿದ್ದು? ನಮ್ಮ ಶಿವಮೊಗ್ಗ ಸುಬ್ಬಣ್ಣನವರ ದನಿ ನಾನು ಮೊದಲು ಕೇಳಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ, ಒಂದು ಟೇಪ್ ರೆಕಾರ್ಡರಿನಲ್ಲಿ. ಯಾರೋ ದುಡ್ಡು ಹಾಕಿದ್ದರಿಂದ ಅದು ಅಲ್ಲಿಗೆ ತಲುಪಿತು. ಹಾಡು ಮಾಡುವುದು ಒಂದು ಕೆಲಸ. ಅದನ್ನು ಕಿವಿಗೆ ಮುಟ್ಟಿಸುವುದು ನಾಲ್ಕು ಜನರ ಕೆಲಸ. ಆ ನಾಲ್ಕು ಜನ ಲೇಬಲ್ಲಿನಲ್ಲಿ ಇರುತ್ತಾರೆ.

ಆದರೆ ಲೇಬಲ್ ಕೊಡುವ ಮುಂಗಡದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಇದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಮಂಡಿಯಿಂದ ನಿಮ್ಮಪ್ಪ ಒಂದು ಲಕ್ಷ ಮುಂಗಡ ತಂದಿದ್ದಾರೆ ಅನ್ನಿ. ಅಡಿಕೆ ಅದೇ ಮಂಡಿಗೆ ಹಾಕಬೇಕು. ಅಡಿಕೆ ನಾಲ್ಕು ಲಕ್ಷಕ್ಕೆ ಹೋಯಿತು. ಮುಂಗಡ ಒಂದು ಲಕ್ಷ, ಬಡ್ಡಿ, ಕಮಿಷನ್ ಕಳೆದು ಉಳಿದದ್ದೆಲ್ಲ ಕೈಗೆ ಬರುತ್ತದೆ. ಮುಂಗಡ ಕಳೆಯುವುದು ಪೂರ್ತಿ ನಾಲ್ಕು ಲಕ್ಷದಿಂದ. ಅಲ್ವಾ?

ಲೇಬಲ್ಲಿನ ಮಾಮೂಲಿ ಕರಾರು ಹಾಗಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮಗೆ ಒಂದು ಲಕ್ಷ ಮುಂಗಡ ಕೊಟ್ಟರು. ಮುದ್ರಣಕ್ಕೆ, ವಿಡಿಯೋಗೆ, ಪ್ರಚಾರಕ್ಕೆ ನಾಲ್ಕು ಲಕ್ಷ ಖರ್ಚು ಮಾಡಿದರು. ಒಟ್ಟು ಐದು ಲಕ್ಷ. ನಿಮ್ಮ ಪಾಲು ನೂರಕ್ಕೆ 20. ಐದು ಲಕ್ಷವೂ ನಿಮ್ಮ ಆ 20ರ ಪಾಲಿನಿಂದಲೇ ತೀರಬೇಕು ಅಂತ ಕರಾರಿನಲ್ಲಿ ಇರುತ್ತದೆ. ಅಂದರೆ ಹಾಡು ಒಟ್ಟು 25 ಲಕ್ಷ ದುಡಿಯುವವರೆಗೂ ನಿಮಗೆ ಮುಂಗಡ ಬಿಟ್ಟು ಒಂದು ರೂಪಾಯಿ ಬರುವುದಿಲ್ಲ. ಆ ಹೊತ್ತಿಗೆ ಅವರು ಹಾಕಿದ ಐದು ಲಕ್ಷ ವಾಪಸ್ ಬಂದು, ಮೇಲೆ 20 ಲಕ್ಷ ಉಳಿದಿರುತ್ತದೆ. ನಿಮ್ಮ ಖಾತೆಯಲ್ಲಿ ಸೊನ್ನೆ. ಇಷ್ಟೆಲ್ಲ ಆದ ಮೇಲೂ ಮುದ್ರಣ ಅವರದೇ. ಸಾಲ ನೀವು ತೀರಿಸಿದ ಮೇಲೂ ತೋಟ ಸಾಹುಕಾರರ ಹೆಸರಿನಲ್ಲಿ ಉಳಿದ ಹಾಗೆ ಇದು.

ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಹತ್ತು ಹಾಡಿಗೆ ದುಡ್ಡು ಹಾಕಿದರೆ ಎಂಟು ಮುಳುಗುತ್ತವೆ, ಉಳಿದ ಎರಡು ಆ ಎಂಟರ ನಷ್ಟ ತುಂಬಬೇಕು ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಮುಂಗಡ ಕೈಗೆ ಬಂದ ದಿನ "ನನ್ನ ಹಾಡಿಗೆ ಒಂದು ಲಕ್ಷ ಬೆಲೆ ಬಂತು" ಅಂತ ತಿಳಿಯಬೇಡಿ. ಅದು ಬೆಲೆಯಲ್ಲ, ಸಾಲ.

ಯಕ್ಷಗಾನ ಮೇಳಕ್ಕೆ ಹೋಗುವವರು ಇಲ್ಲಿ ಇದ್ದೀರಿ, ನಿಮ್ಮ ಮುಖ ನೋಡಿ ಈ ಮಾತು ನೆನಪಾಯಿತು. ಮೇಳದ ಯಜಮಾನರಿಂದ ಮುಂಗಡ ಪಡೆದ ಕಲಾವಿದ ಆ ವರ್ಷದ ತಿರುಗಾಟ ಮುಗಿಯುವವರೆಗೆ ಆ ಮೇಳದವನು. ದಿನ ರಾತ್ರಿ ಆಟ, ಊಟ ವಸತಿ, ಗಾಡಿ, ರಂಗಸ್ಥಳ ಎಲ್ಲ ಅವರ ಹೊಣೆ. ನನಗೆ ಗೊತ್ತಿರುವ ಒಬ್ಬ ಭಾಗವತರು ಎರಡು ವರ್ಷ ಸ್ವಂತವಾಗಿ ಆಟ ಆಡಿಸಲು ಹೋಗಿ, ಮೈಕಿನವನಿಗೆ, ಲೈಟಿನವನಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿ ಮತ್ತೆ ಮೇಳ ಸೇರಿದರು. "ನನಗೆ ಪದ ಹೇಳೋದಷ್ಟೇ ಬೇಕು ಮಾರಾಯ್ರೇ" ಅಂದರು. ಅವರು ಸೋತರು ಅಂತ ನನಗೆ ಅನ್ನಿಸಲಿಲ್ಲ. ಅವರ ಪದ ಮೇಳದಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ. ಎಲ್ಲರೂ ಎಲ್ಲ ಕೆಲಸ ಮಾಡಬೇಕು ಅನ್ನುವ ನಿಯಮ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಮೇಳದ ಕರಾರು ಒಂದು ತಿರುಗಾಟಕ್ಕೆ. ಮಳೆಗಾಲ ಬಂತು ಅಂದರೆ ಆತ ಸ್ವತಂತ್ರ. ಅವರ ಗಂಟಲನ್ನು ಯಾರೂ ಬರೆಸಿಕೊಂಡಿಲ್ಲ.

ಸರಿ, ಸ್ವತಂತ್ರವಾಗಿ ಮಾಡುವುದು ಅಂದರೆ ಏನು? 2018ರಲ್ಲಿ ನಾನು ಅದನ್ನೂ ಮಾಡಿ ನೋಡಿದೆ. ಅಕ್ಕಮಹಾದೇವಿಯ ಐದು ವಚನಗಳಿಗೆ ಹೊಸ ರಾಗ ಹಾಕಿದೆ. ವಚನಗಳನ್ನು ಆರಿಸಿಕೊಂಡಿದ್ದಕ್ಕೆ ಭಕ್ತಿ ಒಂದು ಕಾರಣ. ಶಿಕಾರಿಪುರದ ಉಡುತಡಿ ನಮ್ಮದೇ ಜಿಲ್ಲೆಯ ಊರು ಅನ್ನುವುದು ಇನ್ನೊಂದು. ಮೂರನೇ ಕಾರಣ, ವಚನಕ್ಕೆ ಯಾರ ಅನುಮತಿಯೂ ಬೇಡ. ಕವಿತೆ ಹಾಡುವವರು ಇದನ್ನು ಬರೆದಿಟ್ಟುಕೊಳ್ಳಿ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಎಲ್ಲರವು. ಬೇಂದ್ರೆಯವರದು 2041ರ ಕೊನೆಯವರೆಗೆ ವಾರಸುದಾರರ ಹಕ್ಕು. ಕುವೆಂಪು ಅವರದು 2054ರ ಕೊನೆಯವರೆಗೆ. ಈಸೂರಿನ ನಮ್ಮ ಜಿ.ಎಸ್. ಶಿವರುದ್ರಪ್ಪನವರದು 2073ರ ಕೊನೆಯವರೆಗೆ. ಷರೀಫರ ಪದ ಎಲ್ಲರದಾದರೂ ಸಿ. ಅಶ್ವತ್ಥ್ ಅವರು ಹಾಕಿದ ರಾಗ ಎಲ್ಲರದಲ್ಲ. ವೇದಿಕೆಯಲ್ಲಿ ಪ್ರೀತಿಯಿಂದ ಹಾಡುವುದು ಬೇರೆ, ಅದನ್ನೇ ಮುದ್ರಿಸಿ ನಿಮ್ಮ ಹೆಸರಿನಲ್ಲಿ ಬಿಡುಗಡೆ ಮಾಡುವುದು ಬೇರೆ.

ತೀರ್ಥಹಳ್ಳಿ ಹತ್ತಿರ ನನ್ನ ಚಿಕ್ಕಪ್ಪನ ಮಗನ ಹಳೇ ಹಂಚಿನ ಮನೆ ಇದೆ. ಅದರ ಅಟ್ಟದಲ್ಲಿ ಕಂಬಳಿ ಇಳಿಬಿಟ್ಟು ಮುದ್ರಣ ಮಾಡಿದೆವು. ಜೂನ್ ಕೊನೆಯಲ್ಲಿ ಶುರು ಮಾಡಿದ್ದು ತಪ್ಪಾಯಿತು. ಜಿರಾಪತಿ ಮಳೆ. ಹಂಚಿನ ಮೇಲಿನ ಸದ್ದು ಯಾವ ಮೈಕಿಗೂ ಅಡಗುವುದಿಲ್ಲ. ಮಳೆ ಬಿಟ್ಟಾಗ ಕಪ್ಪೆ, ಕಪ್ಪೆ ನಿಂತಾಗ ಕರೆಂಟ್ ಇಲ್ಲ. ಐದು ಹಾಡಿಗೆ ಐದು ತಿಂಗಳು ಹಿಡಿಯಿತು. ಆದರೆ ಆ ಮುದ್ರಣದ ನಿರ್ಮಾಪಕ ನಾನೇ. ಜೀವನದಲ್ಲಿ ಮೊದಲ ಸಲ ಪಹಣಿ ನನ್ನ ಹೆಸರಿನಲ್ಲಿ ಬಂತು.

ಆಮೇಲಿನ ಕೆಲಸ ಕೂತಲ್ಲೇ ಆಗುತ್ತದೆ, ಆದರೆ ತಾಳ್ಮೆ ಬೇಕು. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್ ಇಂಥ ಕಡೆ ಹಾಡು ಹೋಗುವುದು ವಿತರಕರ ಮೂಲಕ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಇವೆಲ್ಲ ಅಂಥವು. ಕೆಲವರು ವರ್ಷಕ್ಕೆ ಇಷ್ಟು ಅಂತ ಚಂದಾ ತೆಗೆದುಕೊಳ್ಳುತ್ತಾರೆ, ಕೆಲವರು ಬಂದ ದುಡ್ಡಿನಲ್ಲಿ ಪಾಲು ಹಿಡಿಯುತ್ತಾರೆ. ಮಾಲೀಕತ್ವ ಕೇಳುವುದಿಲ್ಲ. ಪ್ರತಿ ಮುದ್ರಣಕ್ಕೂ 12 ಅಕ್ಷರ, ಅಂಕಿಗಳ ಒಂದು ಗುರುತು ಸಿಗುತ್ತದೆ, ಐಎಸ್‌ಆರ್‌ಸಿ ಅಂತ. ಜಾನುವಾರಿನ ಕಿವಿಗೆ ಹಾಕುವ ಓಲೆಯ ಹಾಗೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಬರೆದಿಡಲಿಲ್ಲ. ಎರಡು ವರ್ಷದ ಮೇಲೆ ನನ್ನ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಚಂದಾ ಕಟ್ಟಾಯಿತು, ನಾನು ಮಿಂಚಂಚೆ ನೋಡಿರಲಿಲ್ಲ. ಐದೂ ಹಾಡು ಒಂದೇ ದಿನ ಎಲ್ಲ ಕಡೆಯಿಂದ ಇಳಿದುಹೋದವು. ಮತ್ತೆ ಏರಿಸುವಾಗ ಹಳೆಯ ಗುರುತು ಕೊಟ್ಟಿದ್ದರೆ ಹಳೆಯ ಕೇಳುಗರ ಲೆಕ್ಕ ಕೂಡಿಕೊಳ್ಳುವ ಸಾಧ್ಯತೆ ಇತ್ತು. ಹೊಸ ಗುರುತು ಬಿತ್ತು, ಲೆಕ್ಕ ಸೊನ್ನೆಯಿಂದ ಶುರುವಾಯಿತು.

ದುಡ್ಡಿನ ವಿಷಯದಲ್ಲಿ ನಿಮಗೆ ಆಸೆ ಹುಟ್ಟಿಸುವುದಿಲ್ಲ. ಒಂದು ಸಲ ಕೇಳಿದರೆ ಬರುವುದು ಪೈಸೆ. ಅದೂ 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಮುದ್ರಣದ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು. ಇಲ್ಲವಾದರೆ ಮೂರು ತಿಂಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಕವಿ ಮತ್ತು ಸಂಯೋಜಕರು ಐಪಿಆರ್‌ಎಸ್ ಸದಸ್ಯರಾಗಬೇಕು. 1969ರಲ್ಲಿ ಶುರುವಾದ ಸಂಘ, ಸಾಹಿತ್ಯ ಮತ್ತು ರಾಗದ ರಾಯಲ್ಟಿ ಕೂಡಿಸಿ ಹಂಚುವುದು ಅವರ ಕೆಲಸ. ಸದಸ್ಯರಾಗಿಲ್ಲದಿದ್ದರೆ ನಿಮ್ಮ ಪಾಲು ನಿಮ್ಮನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಬರುವುದಿಲ್ಲ.

ಸ್ವತಂತ್ರವಾಗಿ ಮಾಡಿದಾಗ ನನಗೆ ಆದ ದೊಡ್ಡ ನೋವು ದುಡ್ಡಿನದಲ್ಲ, ಮನುಷ್ಯರದು. ಇದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಲೇಬಲ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಐದು ಹಾಡಿನಲ್ಲಿ ಒಂದಕ್ಕೆ ಕೊಳಲು ನುಡಿಸಿದವರು ನನ್ನ ಇಪ್ಪತ್ತು ವರ್ಷದ ಸ್ನೇಹಿತರು. ನುಡಿಸಿದ ದಿನ ಕೈಯಲ್ಲಿ ಏನೋ ಸ್ವಲ್ಪ ಇಟ್ಟೆ. "ಇರಲಿ ಬಿಡು, ನಮ್ಮ ಹಾಡು" ಅಂದರು. ಆ ಹಾಡು ನಿಧಾನವಾಗಿ ಜನಕ್ಕೆ ಇಷ್ಟವಾಯಿತು. ಶಾಲೆಗಳಲ್ಲಿ ಮಕ್ಕಳು ಅದಕ್ಕೆ ಕುಣಿದರು. ಜನ ಗುನುಗುತ್ತಿದ್ದದ್ದು ನಿಜ ಹೇಳಬೇಕೆಂದರೆ ನಾನು ಹಾಡಿದ ಸಾಲನ್ನಲ್ಲ, ನಡುವೆ ಬರುವ ಕೊಳಲಿನ ತುಣುಕನ್ನು. ಅದು ಅವರು ಅಲ್ಲೇ ಕೂತು ಹುಟ್ಟಿಸಿದ್ದು. ಮೊದಲ ಸಲ ನನ್ನ ಖಾತೆಗೆ ಒಂದಿಷ್ಟು ದುಡ್ಡು ಬಂದಾಗ ಅವರು ಕೇಳಿದರು, ಆ ತುಣುಕು ನನ್ನ ಸಂಯೋಜನೆ ಅಲ್ವಾ ಅಂತ. ನಾನು ಏನೋ ಒಂದು ಅಂದೆ. ಅವರೂ ಏನೋ ಒಂದು ಅಂದರು. ಎರಡು ವರ್ಷ ಮಾತಿರಲಿಲ್ಲ. ಬಂದ ದುಡ್ಡು ನಾಲ್ಕು ಸಾವಿರಕ್ಕಿಂತ ಜಾಸ್ತಿ ಇರಲಿಲ್ಲ.

ಅವರು ಕೇಳಿದ್ದು ನ್ಯಾಯವಾಗಿತ್ತು. ಆಮೇಲೆ ನಾನೇ ಅವರ ಮನೆಗೆ ಹೋಗಿ ಹೇಳಿದೆ. ಈಗ ಮೈಕ್ ಹಚ್ಚುವ ಮೊದಲು ಒಂದು ಹಾಳೆಯಲ್ಲಿ ಬರೆಯುತ್ತೇವೆ. ಯಾರು ಬರೆದದ್ದು, ಯಾರ ರಾಗ, ನುಡಿಸಿದವರಿಗೆ ಒಂದೇ ಸಲದ ಸಂಭಾವನೆಯೋ ಪಾಲೋ, ಪಾಲಾದರೆ ನೂರಕ್ಕೆ ಎಷ್ಟು. ಎಲ್ಲರೂ ಸಹಿ ಹಾಕಿ ಫೋಟೋ ತೆಗೆದುಕೊಳ್ಳುತ್ತೇವೆ. ಹತ್ತು ನಿಮಿಷದ ಕೆಲಸ. ಸ್ನೇಹ ಇರುವಾಗ ಬರೆಯುವುದು ಸುಲಭ, ಅದು ಹೋದ ಮೇಲೆ ಬರೆಯಲು ಆಗುವುದಿಲ್ಲ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ದೀಪಾವಳಿಯಲ್ಲಿ ನಮ್ಮ ಕಡೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ಹಾಡಿಕೊಂಡು ಬರುತ್ತಾರಲ್ಲ, ಆ ಹಾಡುಗಳ ಪಹಣಿ ಯಾರ ಹೆಸರಿನಲ್ಲಿದೆ? ಯಾರ ಹೆಸರಿನಲ್ಲೂ ಇಲ್ಲ, ಎಲ್ಲರ ಗಂಟಲಲ್ಲಿದೆ. ನೀವು ಅಂಥ ಹಾಡು ಮುದ್ರಿಸಿದರೆ ನಿಮ್ಮ ಮುದ್ರಣ ನಿಮ್ಮದು, ಹಾಡು ನಿಮ್ಮದಲ್ಲ. ವಿತರಕರ ಅರ್ಜಿಯಲ್ಲಿ ಯೂಟ್ಯೂಬಿನ ಕಂಟೆಂಟ್ ಐಡಿಗೆ, ಅಂದರೆ ನಿಮ್ಮ ಹಾಡನ್ನು ಹೋಲುವ ವಿಡಿಯೋಗಳನ್ನು ತಾನಾಗಿ ಹುಡುಕಿ ಹಿಡಿಯುವ ವ್ಯವಸ್ಥೆಗೆ, ಸೇರಿಸಲಾ ಅಂತ ಒಂದು ಚೌಕ ಬರುತ್ತದೆ. ಜನಪದ ಹಾಡಿಗೆ ಅದನ್ನು ಸುಮ್ನೆ ಒತ್ತಬೇಡಿ. ಆಮೇಲೆ ಆ ಹಾಡನ್ನು ತಲೆಮಾರಿನಿಂದ ಹಾಡಿಕೊಂಡು ಬಂದ ತಂಡದವರು ತಮ್ಮ ವಿಡಿಯೋ ಹಾಕಿದರೆ, ನಿಮ್ಮ ಹೆಸರಿನಲ್ಲಿ ಅವರಿಗೆ ನೋಟಿಸು ಹೋದೀತು. ನನಗೆ ಬಂದಂಥ ನೋಟಿಸು ಅವರಿಗೆ ನಮ್ಮಿಂದ ಹೋಗಬಾರದು.

ಹಾಗಾದರೆ ನೀವೇನು ಮಾಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ಸಿನಿಮಾಕ್ಕೆ ಹಾಡುವ ಅವಕಾಶ ಬಂದರೆ ಹೋಗಿ, ಸಂಭಾವನೆ ತೆಗೆದುಕೊಳ್ಳಿ, ಹೆಸರು ಸರಿಯಾಗಿ ಹಾಕಿಸಿಕೊಳ್ಳಿ. ಅಲ್ಲಿ ಮುದ್ರಣ ನಿಮ್ಮದಾಗುವ ಮಾತಿಲ್ಲ, ಅದಕ್ಕಾಗಿ ಜಗಳವೂ ಬೇಡ. ನಿಮ್ಮದೇ ಹಾಡು ಅಂತ ಇದ್ದರೆ ಮೊದಲ ನಾಲ್ಕೈದನ್ನು ನೀವೇ ಮುದ್ರಿಸಿ, ನೀವೇ ಬಿಡುಗಡೆ ಮಾಡಿ. ಚೆನ್ನಾಗಿ ಆಗದಿದ್ದರೂ ಪರವಾಗಿಲ್ಲ. ಯಾವ ಕೆಲಸ ನಿಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಅದರಲ್ಲೇ ತಿಳಿಯುತ್ತದೆ. ಆಮೇಲೆ ಲೇಬಲ್ ಬಂದರೆ ಮುದ್ರಿಸಿದ ಹಾಡನ್ನು ಪರವಾನಗಿಯ ಮೇಲೆ ಕೊಡಿ. ಮೂರು ವರ್ಷ, ಹೆಚ್ಚೆಂದರೆ ಐದು ವರ್ಷ. ಅದೇ ಚೇಣಿ. ಈ ದಾರಿಗೆ ಒಪ್ಪುವ ಲೇಬಲ್ಲುಗಳು ಈಗ ಇವೆ, ಯಾಕೆಂದರೆ ಮುದ್ರಣದ ಖರ್ಚು ಅವರಿಗೆ ಉಳಿಯುತ್ತದೆ. ಕೇಳದೇ ಯಾರೂ ಕೊಡುವುದಿಲ್ಲ, ಅಷ್ಟೇ.

ಈ ಮಾತು ಇವತ್ತೇ ಯಾಕೆ ಬಂತು ಅಂದರೆ, ಹೋದ ವಾರ ಕೊಪ್ಪದ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. ನನ್ನ ಹಳೆಯ ವಿದ್ಯಾರ್ಥಿನಿ. "ಸರ್, ಮೂರು ಹಾಡಿಗೆ ಕೇಳ್ತಿದ್ದಾರೆ, ಸಂಜೆಯೊಳಗೆ ಸಹಿ ಹಾಕಿ ಕಳಿಸಬೇಕಂತೆ" ಅಂದಳು. 12 ಪುಟ, ಎಲ್ಲ ಇಂಗ್ಲಿಷ್. ಸಂಜೆಯೊಳಗೆ ಅಂದಾಗಲೇ ನನಗೆ ಅನುಮಾನ. ನಾಳೆ ಸಹಿ ಹಾಕಿದರೆ ಹಾಡು ಹಳಸುತ್ತದಾ? ಕಾಗದ ತರಿಸಿಕೊಂಡು ವಕೀಲ ಮಿತ್ರರೊಬ್ಬರ ಜೊತೆ ಕೂತು ಓದಿದೆವು. ಮೊದಲ ಪುಟದಲ್ಲಿ ಮೂರು ಹಾಡು. ಏಳನೇ ಪುಟದಲ್ಲಿ ಮುಂದಿನ ಐದು ವರ್ಷ ಆಕೆ ಮಾಡುವ ಎಲ್ಲ ಹಾಡು. ಒಂಬತ್ತನೇ ಪುಟದಲ್ಲಿ ಆಕೆಯ ಯೂಟ್ಯೂಬ್ ಚಾನೆಲ್ಲೂ ಅವರ ಕೈಗೆ. ಲೆಕ್ಕದ ಪಟ್ಟಿ ಯಾವಾಗ ಕೊಡುತ್ತಾರೆ ಅಂತ ಎಲ್ಲೂ ಇಲ್ಲ, ಬಿಟ್ಟುಹೋಗುವ ದಾರಿಯೂ ಇಲ್ಲ.

ನಾವು ಬೇಡ ಅನ್ನಲಿಲ್ಲ. ಏಳನೇ ಪುಟದ ಸಾಲು ಹೊಡೆದು ಹಾಕಿದೆವು. ಚಾನೆಲ್ ಆಕೆಯದೇ ಅಂತ ಬರೆದೆವು. ಮೂರು ಹಾಡಿಗೆ ಐದು ವರ್ಷ, ಆರು ತಿಂಗಳಿಗೊಮ್ಮೆ ಲೆಕ್ಕ, ಒಂದು ವರ್ಷದೊಳಗೆ ಬಿಡುಗಡೆ ಆಗದಿದ್ದರೆ ಹಾಡು ವಾಪಸ್. ಆಕೆಯ ದನಿಯನ್ನು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕಲಿಸಲು ಬಳಸಬಾರದು ಅಂತ ಕೊನೆಗೆ ಒಂದು ಸಾಲು ಸೇರಿಸಿದೆವು. ಕಳಿಸಿ ನಾಲ್ಕು ದಿನ ಆಯಿತು. ನಿನ್ನೆ ಉತ್ತರ ಬಂದಿದೆ. ಚಾನೆಲ್ಲಿಗೆ ಒಪ್ಪಿದ್ದಾರೆ, ಮುಂದಿನ ಹಾಡುಗಳನ್ನೂ ಬಿಟ್ಟಿದ್ದಾರೆ. ಐದು ವರ್ಷದ ಬದಲು ಹತ್ತು ವರ್ಷ ಕೇಳಿದ್ದಾರೆ. ಆಕೆ ಯೋಚನೆ ಮಾಡುತ್ತಿದ್ದಾಳೆ. ಅದು ಆಕೆಯ ತೀರ್ಮಾನ.

ಕಾಗದ ತಂದಿದ್ದೇವೆ ಅಂತ ನಿಮ್ಮಲ್ಲಿ ಮೂರು ನಾಲ್ಕು ಜನ ಬೆಳಿಗ್ಗೆಯೇ ಹೇಳಿದ್ದೀರಿ. ವಕೀಲ ಮಿತ್ರರೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಆ ತಬಲಾ ಸ್ವಲ್ಪ ಬದಿಗಿಟ್ಟರೆ ಮೇಜು ಖಾಲಿ ಆಗುತ್ತದೆ. ಒಬ್ಬೊಬ್ಬರಾಗಿ ಬನ್ನಿ, ಓದೋಣ.